ಮನೆಯಂಗಳದಲ್ಲೇ ಮೋಟಾರಿಗೆ ಬಣ್ಣ



ಹಳೆಯ ಮೋಟಾರು ಇಟ್ಟುಕೊಂಡವರ ಪಾಡಿಗೂ ಹಳೆಯ ಮನೆಯಲ್ಲಿ ವಾಸವಾಗಿರುವವರ ಪಾಡಿಗೂ ಹೆಚ್ಚು ಅಂತರವಿಲ್ಲ. ಒಂದು ಮೂಲೆಯ ಗಾರೆ ಸರಿಮಾಡಿಸುವಷ್ಟರಲ್ಲಿ ಇನ್ನೊಂದು ಮೂಲೆಯಲ್ಲಿ ಮಣ್ಣು ಉದುರುತ್ತಿರುತ್ತದೆ. ಚಾಮರಾಜಪೇಟೆಯ ನಮ್ಮ ಮನೆ ಹಳೆಯದು. ಅದರ ಮುಂದೆ ಹೊಂಗೆಮರದ ಕೆಳಗೆ ನಿಂತಿದ್ದ ಕಾರೂ ಹಳೆಯದೇ. ೧೯೮೬ರ ಪ್ರೀಮಿಯರ್ ಪದ್ಮಿನಿ. ಕೊಂಡವರು ನಮ್ಮ ತಂದೆಯವರು. ನಮ್ಮಲ್ಲಿ ತಂದೆಯನ್ನು ಅಣ್ಣ ಎಂದು ಕರೆಯುವುದು ರೂಢಿ; ಇಲ್ಲಿಯೂ ಹಾಗೆಯೇ ಹೇಳಿದರೆ ನೀವು ತಪ್ಪು ತಿಳಿಯಲಾರಿರಿ.

ಈ ಕಾರಿಗೂ ನಮ್ಮೂರಿಗೂ ಒಂದು ತಪ್ಪಿಹೋದ ನೆಂಟಸ್ತಿಕೆ ಉಂಟು. ೧೯೩೦ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮೋಟಾರು ಕಾರ್ಖಾನೆಯ ಯೋಜನೆಯೊಂದನ್ನು ಸಿದ್ಧಪಡಿಸಿ, ಅದಕ್ಕಾಗಿ ಬಹಳ ಓಡಾಡಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಜೊತೆಗೂಡಿದರು. ಕಾರ್ಖಾನೆ ಬೆಂಗಳೂರಿಗೆ ಬರಬಹುದೆಂಬ ಆಸೆಯೂ ಹುಟ್ಟಿತು. ಆಳುತ್ತಿದ್ದ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಕಡೆಗೆ ೧೯೪೪ರಲ್ಲಿ ವಾಲ್‌ಚಂದರು ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ಮುಂಬಯಿಯಲ್ಲಿ ಕಟ್ಟಿದರು. ನಮ್ಮ ಊರಿನಲ್ಲಿ ಹುಟ್ಟಬಹುದಾಗಿದ್ದ ಕಾರು ಎಂದು ಅಣ್ಣ ಈ ಕಥೆಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಕೇಳಿದವರು ಕಾಫಿ ಕುಡಿದು ಹೌದೆಂದು ತಲೆಯಾಡಿಸಿ ಹೋಗುತ್ತಿದ್ದರು.

ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ; ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿಯನ್ನು ಕೊಂಡೊಯ್ದು ಪರೀಕ್ಷೆ ಮಾಡಿಸಿ ನವೀಕರಿಸಬೇಕು. ನಮ್ಮ ಗಾಡಿಯ ಸರದಿ ೧೯೧೬ರಲ್ಲಲ್ಲ, ಗಾಬರಿಯಾಗಬೇಡಿ, ೨೦೧೬ರ ಮಾರ್ಚಿಯಲ್ಲಿ ಬರುವುದಿತ್ತು. ಇಂಜಿನ್ನೇನೋ ಚೆನ್ನಾಗಿತ್ತು. ಮೈ ಮಾತ್ರ ನೋಡುವ ಹಾಗಿರಲಿಲ್ಲ. ಹೊಂಗೆಯ ಹೂವು, ಹಕ್ಕಿಗಳ ಹಿಕ್ಕೆ, ಬೀದಿಯ ಧೂಳು ಎಲ್ಲ ಸೇರಿ ಬಾನೆಟ್ಟಿನ ಮೇಲೆ ಭೂಪಟ ಬರೆದಿದ್ದವು. ಬಾಗಿಲುಗಳ ಅಡಿಯಂಚು ತುಕ್ಕು ಹಿಡಿದು ಬಿಸ್ಕತ್ತಿನಂತೆ ಮುರಿಯುತ್ತಿತ್ತು. ಕಲಾಸಿಪಾಳ್ಯದ ಕಡೆಯ ಒಬ್ಬ ವಯಸ್ಸಾದ ಪೇಂಟರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ನಲವತ್ತು ಸಾವಿರ ಆಯ್ತದೆ ಸಾರ್. ಬ್ಯಾಡ ಬಿಡಿ, ಗಾಡಿ ಬೆಲೆನೇ ಅಷ್ಟಿಲ್ಲ” ಎಂದರು. ಅವರದು ನ್ಯಾಯವಾದ ಮಾತೇ. ಗುಜರಿಗೆ ಕೊಟ್ಟುಬಿಡೋಣವೆಂದು ನಾನು ಮನೆಯಲ್ಲಿ ಹೇಳಿದೆ. ಅಣ್ಣ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಎರಡು ದಿನ ಜಗಲಿಗೆ ಬಂದು ಕೂರಲಿಲ್ಲ, ಅಷ್ಟೆ. ಆಗ ಅವರಿಗೆ ಎಂಬತ್ತೊಂದು. ಗ್ಲಾಕೋಮಾದಿಂದ ದೃಷ್ಟಿ ಬಹುಮಟ್ಟಿಗೆ ಹೋಗಿತ್ತು. ಕಾಣದ ಕಾರಿನ ಬಣ್ಣದ ಮೇಲೆ ಇಷ್ಟು ಮಮತೆಯೇ ಎಂದು ನನಗೆ ಮೊದಲು ತೋರಿದ್ದು ನಿಜ. ಮೂರನೆಯ ದಿನ ನಾನು ಒಂದು ಡಬ್ಬಿ ರೆಡ್ ಆಕ್ಸೈಡ್ ತಂದೆ.

ಕಾರಿಗೆ ಮನೆಯಲ್ಲಿ ಕೈಯಿಂದ ಬಣ್ಣ ಹಚ್ಚುವುದೆಂದರೆ ನಗುವವರುಂಟು. ಆದರೆ ಮೊದಮೊದಲು ಎಲ್ಲ ಕಾರುಗಳಿಗೂ ಕುಂಚದಿಂದಲೇ ಬಣ್ಣ, ವಾರ್ನಿಷ್ ಹಚ್ಚುತ್ತಿದ್ದರು. ಒಣಗಲು ವಾರಗಟ್ಟಲೆ ಬೇಕಾಗುತ್ತಿತ್ತು. ೧೯೨೦ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಸಂಸ್ಥೆ ‘ಡ್ಯೂಕೊ’ ಎಂಬ ಹೆಸರಿನ, ಬೇಗ ಒಣಗುವ ನೈಟ್ರೋಸೆಲ್ಯುಲೋಸ್ ಬಣ್ಣವನ್ನು ತಂದಿತು. ಇಂದಿಗೂ ನಮ್ಮ ಗ್ಯಾರೇಜುಗಳಲ್ಲಿ ಯಾವ ಬಣ್ಣವಾದರೂ ಅದು ‘ಡ್ಯೂಕೊ’ವೇ. ಇದು ಥಿನ್ನರ್ ಹಾರಿಹೋದೊಡನೆ ಒಣಗುತ್ತದೆ. ಆದ್ದರಿಂದ ತುಂತುರು ಹೊಡೆಯುವ ಗನ್ನೇ ಬೇಕು. ಈಗಿನ ಗ್ಯಾರೇಜುಗಳ ಪಿ.ಯು. ಬಣ್ಣ ಇನ್ನೂ ಬೇರೆ. ಅದರ ಜೊತೆಗೆ ಬೆರೆಸುವ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಎಂಬ ವಸ್ತುವಿದೆ. ಉಸಿರಿನೊಡನೆ ಒಳಗೆ ಹೋದರೆ ಆಸ್ತಮಾ ಹುಟ್ಟಿಸಬಲ್ಲದು. ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯುವುದಿಲ್ಲ. ಅದನ್ನು ಮನೆಯಲ್ಲಿ ಹೊಡೆಯುವ ಸಾಹಸ ಖಂಡಿತ ಬೇಡ. ಅಲ್ಲದೆ ಗನ್ನಿನಿಂದ ಹೊರಟ ಬಣ್ಣದಲ್ಲಿ ಬಹಳಷ್ಟು ಗಾಳಿಯ ಪಾಲು. ನಮ್ಮ ಪೇಟೆಯ ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ಆ ಗಾಳಿಯ ಪಾಲು ಪಕ್ಕದ ಮನೆಯವರ ಒಣಹಾಕಿದ ಪಂಚೆಯ ಮೇಲೆ ಕೂರುತ್ತದೆ.

ನಮ್ಮಂಥವರಿಗೆ ಉಳಿಯುವುದು ಕಿಟಕಿ, ಗೇಟುಗಳಿಗೆ ಹಚ್ಚುವ ಸಿಂಥೆಟಿಕ್ ಎನಾಮಲ್. ಇದು ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ನಿಧಾನ ಎನ್ನುವುದೇ ಇದರ ದೋಷ, ಇದರ ಗುಣವೂ ಅದೇ: ಹಚ್ಚಿದ ಮೇಲೆ ತಾನಾಗಿ ಹರಡಿಕೊಂಡು ಸಮನಾಗಲು ಅವಕಾಶ ಸಿಗುತ್ತದೆ. ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಎನಾಮಲ್ಲಿನ ಮೇಲೆ ಮುಂದೆಂದಾದರೂ ಡ್ಯೂಕೊ ಹೊಡೆಸಿದರೆ, ಅದರ ಕಟುವಾದ ಥಿನ್ನರು ಕೆಳಗಿನ ಬಣ್ಣವನ್ನು ಸುಕ್ಕುಗಟ್ಟಿಸಿ ಎಬ್ಬಿಸುತ್ತದೆ. ಹಿಂದಿರುಗುವ ದಾರಿ ಕಷ್ಟ. ನಾಲ್ಕಾರು ವರ್ಷದ ಒಳ್ಳೆಯ ಕಾರಿಗೆ ಈ ಪ್ರಯೋಗ ಬೇಡವೆಂದೇ ನನ್ನ ಅಭಿಪ್ರಾಯ. ಮೆಟಾಲಿಕ್ ಬಣ್ಣದ ಕಾರಿಗಂತೂ ಇದು ಆಗುವ ಕೆಲಸವೇ ಅಲ್ಲ.

ಬಣ್ಣದ ಕೆಲಸದಲ್ಲಿ ಬಣ್ಣ ಹಚ್ಚುವುದು ಕೊನೆಯ ಎರಡಾಣೆ. ಉಳಿದ ಹದಿನಾಲ್ಕಾಣೆ ಉಜ್ಜುವುದು. ಬಂಪರು, ದೀಪ, ವೈಪರು, ಹಿಡಿಕೆಗಳನ್ನೆಲ್ಲ ಬಿಚ್ಚಿ, ಸ್ಕ್ರೂಗಳನ್ನು ಹಾರ್ಲಿಕ್ಸ್ ಬಾಟಲಿಗಳಲ್ಲಿ ಹಾಕಿ ಚೀಟಿ ಅಂಟಿಸಿದೆವು. ಬಿಚ್ಚಲಾಗದ ಕಡೆ ಟೇಪು, ವೃತ್ತಪತ್ರಿಕೆ. ಮೈಯನ್ನು ಸೋಪಿನ ನೀರಿನಿಂದ ತೊಳೆದು, ಟರ್ಪೆಂಟೈನಿನ ಬಟ್ಟೆಯಿಂದ ಒರೆಸಬೇಕು. ಹಳೆಯ ಪಾಲಿಶಿನ ಜಿಡ್ಡು ಒಂದಿಷ್ಟು ಉಳಿದರೂ ಹೊಸ ಬಣ್ಣ ಅಲ್ಲಿ ನಿಲ್ಲದೆ ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ. ತುಕ್ಕನ್ನು ತಂತಿ ಬ್ರಷ್ಷಿನಿಂದ, ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಕೆರೆದು, ಅದೇ ದಿನವೇ ಪ್ರೈಮರ್ ಬಳಿಯಬೇಕು. ನಾಳೆಗೆಂದು ಬಿಟ್ಟರೆ ರಾತ್ರಿಯ ತೇವಕ್ಕೆ ಬೆಳಿಗ್ಗೆ ಮತ್ತೆ ಕೆಂಪು ಮೂಡಿರುತ್ತದೆ. ತೂತಾದ ಕಡೆಯಲ್ಲಿ ಪುಟ್ಟಿ ತುಂಬಿ ಕಣ್ಣು ಮುಚ್ಚಿಕೊಳ್ಳುವ ಜಾಣತನವೊಂದುಂಟು. ಅದು ಒಂದು ಮಳೆಗಾಲಕ್ಕೆ ಬಯಲಾಗುತ್ತದೆ. ಅಲ್ಲಿ ತಗಡು ಕತ್ತರಿಸಿ ಬೆಸುಗೆ ಹಾಕಿಸಲೇಬೇಕು. ಅದು ಟಿಂಕರಿನ ಕೆಲಸ, ಅಲ್ಲಿ ಜಿಪುಣತನ ಕೂಡದು. ಬಾಗಿಲಿನ ಅಡಿಯಲ್ಲಿ ನೀರು ಹೋಗಲು ಸಣ್ಣ ಕಂಡಿಗಳಿರುತ್ತವೆ. ನಮ್ಮ ಕಾರಿನಲ್ಲಿ ಆ ಕಂಡಿಗಳನ್ನು ಹೊಂಗೆಯ ಎಲೆಯ ಪುಡಿ ಮುಚ್ಚಿತ್ತು. ತುಕ್ಕಿಗೆ ಮೂಲಕಾರಣ ಅದೇ. ಹಂಚಿಕಡ್ಡಿಯಿಂದ ಚುಚ್ಚಿ ತೆಗೆದಾಗ ಒಂದು ಹಿಡಿ ಗೊಬ್ಬರವೇ ಸಿಕ್ಕಿತು.

ಹಳೆಯ ಬಣ್ಣವನ್ನು ಒಣದಾಗಿ ಉಜ್ಜಬೇಡಿ. ಹಿಂದಿನ ಬಣ್ಣಗಳಲ್ಲಿ ಸೀಸ ಇರುವ ಸಂಭವವಿದೆ. ಮನೆಗೆ ಬಳಸುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ ೯೦ ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ ೨೦೧೭ರ ನವೆಂಬರಿನಲ್ಲಿ. ನೀರಿನಲ್ಲಿ ಅದ್ದಿ ಉಜ್ಜುವ ವಾಟರ್ ಪೇಪರು ಬಳಸಿದರೆ ಧೂಳು ಏಳುವುದಿಲ್ಲ. ಮಕ್ಕಳನ್ನು ಹತ್ತಿರ ಬಿಡಬಾರದು. ಕಾಗದವನ್ನು ಬೆರಳಿನಿಂದ ಒತ್ತಿ ಉಜ್ಜಿದರೆ ಬೆರಳಿನ ಗೆರೆ ಬೀಳುತ್ತದೆ. ಸವೆದ ಹವಾಯಿ ಚಪ್ಪಲಿಯನ್ನು ತುಂಡುಮಾಡಿ ಅದಕ್ಕೆ ಸುತ್ತಿಕೊಳ್ಳಬೇಕು. ನಲವತ್ತು ಸಾವಿರ ಕೇಳಿದ್ದ ಆ ಪೇಂಟರೇ ಇದನ್ನು ಕಾಸು ತೆಗೆದುಕೊಳ್ಳದೆ ಹೇಳಿಕೊಟ್ಟರು.

ಪುಟ್ಟಿ ಹಚ್ಚಿ ಉಜ್ಜುವ ಹೊತ್ತಿಗೆ ಅಣ್ಣ ಕುರ್ಚಿ ಹಾಕಿಸಿಕೊಂಡು ಕಾರಿನ ಪಕ್ಕದಲ್ಲಿ ಕುಳಿತಿರುತ್ತಿದ್ದರು. ನನ್ನ ಕಣ್ಣಿಗೆ ಬಾಗಿಲು ಕನ್ನಡಿಯಂತೆ ಸಮನಾಗಿ ಕಂಡಿತ್ತು. ಅವರು ಎದ್ದು ಬಂದು ಅಂಗೈ ಆಡಿಸಿ, “ಇಲ್ಲಿ ತಗ್ಗಿದೆ ಕಣೋ” ಎಂದರು. ನನಗೇನೂ ತಿಳಿಯಲಿಲ್ಲ. “ಕಣ್ಣು ಮುಚ್ಚಿಕೊಂಡು ಮುಟ್ಟು. ಬೆರಳಲ್ಲಿ ನೋಡಬೇಡ, ಅಂಗೈಯಲ್ಲಿ ನೋಡು” ಎಂದರು. ತಗ್ಗು ಇತ್ತು. ಕಣ್ಣಿಗೆ ಕಾಣದ ಏರುಪೇರು ಬಣ್ಣ ಹೊಳೆದ ಮೇಲೆ ಅಲೆಅಲೆಯಾಗಿ ಕಾಣಿಸಿಕೊಳ್ಳುತ್ತದೆಂಬುದು ಆಮೇಲೆ ಗೊತ್ತಾಯಿತು. ಪಳಗಿದ ಕೆಲಸಗಾರರೂ ಕೈಯಿಂದಲೇ ಪರೀಕ್ಷಿಸುತ್ತಾರೆ. ಕೆಲವರು ಅಂಗೈ ಕೆಳಗೆ ತೆಳುಬಟ್ಟೆ ಇಟ್ಟುಕೊಳ್ಳುತ್ತಾರೆ. ಅಂದಿನಿಂದ ಅಣ್ಣನ ಅಪ್ಪಣೆಯಿಲ್ಲದೆ ಯಾವ ಭಾಗವೂ ಪ್ರೈಮರಿಗೆ ಹೋಗಲಿಲ್ಲ. ಮೇಷ್ಟರಾಗಿದ್ದವರು, ಸೀಮೆಸುಣ್ಣದಿಂದ ತಪ್ಪಿನ ಸುತ್ತ ಗುಂಡು ಗೆರೆ ಎಳೆಯುವ ಅಭ್ಯಾಸ ಬಿಟ್ಟಿರಲಿಲ್ಲ. ಎಡಬಾಗಿಲೊಂದಕ್ಕೇ ಹನ್ನೊಂದು ಗುಂಡು ಬಿದ್ದವು.

ಇನ್ನು ನನ್ನ ತಪ್ಪುಗಳು. ಆಯುಧಪೂಜೆಗೆ ಹೊಸ ಬಣ್ಣದ ಕಾರಿಗೆ ಕುಂಬಳಕಾಯಿ ಒಡೆಯಬೇಕೆಂಬ ಹಟದಿಂದ ೨೦೧೫ರ ಸೆಪ್ಟೆಂಬರಿನಲ್ಲಿ ಬಣ್ಣ ಆರಂಭಿಸಿದೆ. ಬೆಂಗಳೂರಿನಲ್ಲಿ ಮಳೆ ಹೆಚ್ಚಾಗಿ ಬೀಳುವ ತಿಂಗಳು ಅದೇ ಎಂಬುದನ್ನು ಈ ಊರಿನಲ್ಲಿ ಹುಟ್ಟಿದವನು ಮರೆಯಬಾರದಿತ್ತು. ಬೇಗ ಮುಗಿಯಲೆಂದು ಬಾನೆಟ್ಟಿಗೆ ದಪ್ಪವಾಗಿ ಬಳಿದೆ. ಮೇಲೆ ಪೊರೆ ಒಣಗಿ ಒಳಗೆ ಹಸಿಯಾಗಿಯೇ ಉಳಿದು, ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಸಂಜೆ ಐದಕ್ಕೆ ಮಳೆ ಬಂತೆಂದು ಟಾರ್ಪಾಲು ಹೊದಿಸಿದೆ. ಗಾಳಿಗೆ ಅದು ಟಾಪಿನ ಮೇಲೆ ಕೂತು, ತನ್ನ ನೇಯ್ಗೆಯನ್ನೆಲ್ಲ ಅಚ್ಚೊತ್ತಿಬಿಟ್ಟಿತು. ಆ ವರ್ಷ ಪೂಜೆಗೆ ನಿಂತದ್ದು ಅರ್ಧ ದಂತದ ಬಣ್ಣ, ಅರ್ಧ ಪ್ರೈಮರಿನ ಕೆಂಪಿನ ಕಾರು. ಮಾವಿನೆಲೆ ಕಟ್ಟಲು ಬಂಪರೂ ಇರಲಿಲ್ಲ. ಎಲ್ಲವನ್ನೂ ಮತ್ತೆ ಉಜ್ಜಿ ತೆಗೆದು ಸಂಕ್ರಾಂತಿಯವರೆಗೆ ಕಾದೆವು.

ಜನವರಿ, ಫೆಬ್ರವರಿಯ ಒಣಹವೆ ಈ ಕೆಲಸಕ್ಕೆ ಒಗ್ಗುತ್ತದೆ. ಮಾರ್ಚಿ ಕಳೆದರೆ ಮತ್ತೆ ಮರದ ಹೂವಿನ ಕಾಟ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಗೆ ಹಚ್ಚಲು ತೊಡಗಿ ಮಧ್ಯಾಹ್ನ ಎರಡಕ್ಕೆ ನಿಲ್ಲಿಸಬೇಕು. ಸಂಜೆ ಹಚ್ಚಿದ್ದರ ಮೇಲೆ ಇಬ್ಬನಿ ಬಿದ್ದರೆ ಹೊಳಪು ಸತ್ತು ಬೂದಿಬಣ್ಣವಾಗುತ್ತದೆ. ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಅಡಗುತ್ತದೆ. ಎನಾಮಲ್ಲಿಗೆ ಮಿನರಲ್ ಟರ್ಪೆಂಟೈನನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿ, ಕಡ್ಡಿಯಿಂದ ಎತ್ತಿದರೆ ಹಾಲಿನಂತೆ ಇಳಿಯುವ ಹದಕ್ಕೆ ತಂದು, ತೆಳುಬಟ್ಟೆಯಲ್ಲಿ ಸೋಸಿ, ನಾಲ್ಕಂಗುಲದ ನುಣುಪಾದ ಸ್ಪಂಜಿನ ರೋಲರಿನಿಂದ ಹಚ್ಚಬೇಕು. ಒತ್ತಬಾರದು. ಮೊದಲ ಬಳಿತ ಕೆಳಗಿನ ಪ್ರೈಮರನ್ನು ಪೂರ್ತಿ ಮುಚ್ಚುವುದಿಲ್ಲ. ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಹೆದರಿ ಇನ್ನೊಂದಿಷ್ಟು ಬಳಿಯಲು ಹೋಗದೆ ಒಳಗೆ ಹೋಗಿ ಊಟಮಾಡುವುದು ಲೇಸು. ಎದ್ದ ಗುಳ್ಳೆಗಳನ್ನು ಒಣ ಸ್ಪಂಜಿನ ತುದಿಯಿಂದ ಮೃದುವಾಗಿ ಸವರಬಹುದು. ಮಾರನೆಯ ದಿನ ಎರಡನೆಯ ಬಳಿತ. ಅದು ಚೆನ್ನಾಗಿ ಒಣಗಿದ ಮೇಲೆ ೬೦೦ರ ವಾಟರ್ ಪೇಪರು, ಮತ್ತೆರಡು ಬಳಿತ, ೮೦೦ರ ಪೇಪರು, ಮತ್ತೆರಡು. ನಾವು ಒಟ್ಟು ಆರು ಬಳಿತ ಹಚ್ಚಿದೆವು. ಕಡೆಯ ಬಳಿತದ ಮೇಲೆ ಮೂರು ವಾರ ಮುಟ್ಟದೆ ಬಿಟ್ಟು, ಉಗುರು ಒತ್ತಿದರೆ ಗುರುತು ಬೀಳದಂತಾದಾಗ ೧೫೦೦, ೨೦೦೦ ನಂಬರಿನ ಪೇಪರು, ರಬ್ಬಿಂಗ್ ಕಾಂಪೌಂಡು, ಕೊನೆಗೆ ಪಾಲಿಶು. ಹೊಳಪು ಬರುವುದು ಇಲ್ಲಿ, ಡಬ್ಬಿಯಲ್ಲಲ್ಲ.

ಬಣ್ಣ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಒಣಗುವ ಎಣ್ಣೆಯ ಅಂಶವಿರುವ ಬಟ್ಟೆ ತಾನಾಗಿ ಕಾವೇರಿ ಹೊತ್ತಿಕೊಳ್ಳುವುದುಂಟು, ನೀರಿನಲ್ಲಿ ನೆನೆಸಿಡಿ. ಆ ದಿನಗಳಲ್ಲಿ ಅಂಗಳದ ಹತ್ತಿರ ಒಲೆ, ದೀಪ, ಬೀಡಿ ಯಾವುದೂ ಕೂಡದು. ಚಾಸಿ ನಂಬರಿನ ಮೇಲೆ ಬಣ್ಣ ಕೂರದಂತೆ ಟೇಪು ಹಾಕಿ. ತನಿಖೆಯವರು ಮೊದಲು ನೋಡುವುದೇ ಅದನ್ನು. ಬಣ್ಣ ಯಾವುದೆಂಬುದು ನೋಂದಣಿ ಪತ್ರದಲ್ಲಿ ನಮೂದಾಗಿರುವುದರಿಂದ, ಬೇರೆ ಬಣ್ಣ ಹಚ್ಚುವವರು ಆರ್.ಟಿ.ಓ. ಕಚೇರಿಗೆ ತಿಳಿಸಬೇಕು. ಸೇನೆಯ ಆಲಿವ್ ಹಸಿರಂತೂ ನಿಷಿದ್ಧ. ನಾವು ಹಳೆಯ ದಂತದ ಬಿಳುಪನ್ನೇ ಉಳಿಸಿಕೊಂಡೆವು. ತಿಳಿಬಣ್ಣ ತಪ್ಪುಗಳನ್ನು ಕ್ಷಮಿಸುತ್ತದೆ. ಕಪ್ಪು ಎಲ್ಲವನ್ನೂ ಊರಿಗೆ ಸಾರುತ್ತದೆ.

ಖರ್ಚಿನ ಲೆಕ್ಕ ಕೇಳುವಿರಿ. ಎನಾಮಲ್, ಟರ್ಪೆಂಟೈನ್, ಪ್ರೈಮರ್, ಪುಟ್ಟಿ, ಕಾಗದ, ರೋಲರು ಎಲ್ಲ ಸೇರಿ ಸುಮಾರು ೪,೦೦೦ ರೂಪಾಯಿ, ಟಿಂಕರಿಗೆ ೨,೫೦೦. ಹಾಳಾದ ಮೊದಲ ಡಬ್ಬಿಯೂ ಇದರಲ್ಲಿ ಸೇರಿದೆ. ಇದು ಆಗಿನ ಬೆಲೆ. ನನ್ನ ಭಾನುವಾರಗಳಿಗೆ ಬೆಲೆ ಕಟ್ಟಿಲ್ಲ. ಕಟ್ಟಿದ್ದರೆ ಪೇಂಟರು ಕೇಳಿದ್ದೇ ಅಗ್ಗವೆನಿಸುತ್ತಿತ್ತೇನೋ. ಅಂಗಡಿಯಲ್ಲಿ ಬಣ್ಣ ಆರಿಸುವಾಗ ಅಣ್ಣನಿಗೆ ಮೈಸೂರಿನ ಬಣ್ಣದ ಕಾರ್ಖಾನೆಯ ನೆನಪಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೩೭ರಲ್ಲಿ ಅರಗಿನ ಕೆಲಸಕ್ಕಾಗಿ ಹುಟ್ಟಿದ ಆ ಕಾರ್ಖಾನೆ ೧೯೬೨ರಿಂದ ಮತದಾರರ ಬೆರಳಿನ ಶಾಯಿಯನ್ನೂ ಮಾಡುತ್ತಿದೆ. “ಆ ಶಾಯಿಯನ್ನೇ ಬಳಿದರೆ ಮಳೆಗೆ ಹೆದರಬೇಕಾಗಿರಲಿಲ್ಲ” ಎಂದು ಅವರು ನಕ್ಕರು. ಎಷ್ಟೋ ದಿನಗಳ ಮೇಲೆ ಕೇಳಿದ ನಗೆ ಅದು.

ಮಾರ್ಚಿಯಲ್ಲಿ ಗಾಡಿಯನ್ನು ತನಿಖೆಗೆ ಕೊಂಡೊಯ್ದಾಗ ಅಣ್ಣನೂ ಮುಂದಿನ ಸೀಟಿನಲ್ಲಿ ಕುಳಿತು ಬಂದರು. ಅಧಿಕಾರಿಗಳು ದೀಪ, ಬ್ರೇಕು, ಚಾಸಿ ನಂಬರು ನೋಡಿದರು. ಬಾಗಿಲಿನ ಅಡಿಗೆ ಕೈಹಾಕಿ ತುಕ್ಕು ಹುಡುಕಿದರು. “ಯಾವ ಗ್ಯಾರೇಜಿನಲ್ಲಿ ಮಾಡಿಸಿದಿರಿ?” ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆಯೇ ಅಣ್ಣ, “ಮನೆಯಲ್ಲೇ ಸ್ವಾಮಿ, ನಾವಿಬ್ಬರೇ” ಎಂದರು. ಐದು ವರ್ಷಕ್ಕೆ ಮುದ್ರೆ ಬಿತ್ತು.

ಮನೆಗೆ ಬಂದು ಹೊಂಗೆಮರದಿಂದ ದೂರಕ್ಕೆ ಗಾಡಿ ನಿಲ್ಲಿಸಿದೆ. ಅಣ್ಣ ಇಳಿದವರು ಒಳಗೆ ಹೋಗದೆ, ಮೈಯುದ್ದಕ್ಕೂ ಅಂಗೈ ಸವರುತ್ತ ನಿಧಾನವಾಗಿ ಒಂದು ಸುತ್ತು ಬಂದರು. ಎಡಗಡೆಯ ಹಿಂಬಾಗಿಲಿನ ಹತ್ತಿರ ನಿಂತರು. ಜೇಬಿನಿಂದ ಸೀಮೆಸುಣ್ಣ ತೆಗೆದು, ಒಂದು ಗುಂಡು ಗೆರೆ ಎಳೆದು, ಕಾಫಿಗೆ ಒಳಗೆ ಹೋದರು.