ಕೇಳದೆ ಹೋದ ಆಜ್ಞೆ

1912ರ ಫೆಬ್ರವರಿ. ಅಂಟಾರ್ಕ್ಟಿಕದ ಹಿಮಬಯಲಿನಲ್ಲಿ ಸ್ಕರ್ವಿ ರೋಗದಿಂದ ಕುಸಿದುಬಿದ್ದ ಬ್ರಿಟಿಷ್ ನೌಕಾಧಿಕಾರಿ ಎಡ್ವರ್ಡ್ ಇವಾನ್ಸ್, ತನ್ನನ್ನು ಅಲ್ಲೇ ಬಿಟ್ಟು ಹೊರಡುವಂತೆ ಜೊತೆಗಿದ್ದ ಕ್ರೀನ್ ಮತ್ತು ಲ್ಯಾಶ್ಲಿಗೆ ಆಜ್ಞೆ ಮಾಡಿದರು. ಇಬ್ಬರೂ ಕೇಳಲಿಲ್ಲ. ಸ್ಲೆಡ್ಜ್ ಮೇಲೆ ಮಲಗಿಸಿಕೊಂಡು ಎಳೆದರು. ಶಕ್ತಿ ಉಡುಗಿದಾಗ ಲ್ಯಾಶ್ಲಿ ಗುಡಾರದಲ್ಲಿ ಆರೈಕೆಗೆ ನಿಂತರು. ಕ್ರೀನ್ ಮೂರು ಬಿಸ್ಕತ್ತು, ಎರಡು ತುಂಡು ಚಾಕೊಲೇಟ್ ಇಟ್ಟುಕೊಂಡು, ಸುಮಾರು 56 ಕಿಲೋಮೀಟರ್ ಒಬ್ಬರೇ ನಡೆದು ನೆರವು ತಂದರು.

ಬದುಕುಳಿದ ಇವಾನ್ಸ್ 1917ರ ಡೋವರ್ ಜಲಸಂಧಿಯ ಕಾಳಗದಲ್ಲಿ ಹೆಸರಾದರು, ಮುಂದೆ ಅಡ್ಮಿರಲ್ ಆದರು. ನನಗಂತೂ ಅದಕ್ಕಿಂತ ದೊಡ್ಡದಾಗಿ ಕಾಣುವುದು 1921ರ ಘಟನೆ. ಚೀನಾದ ಕರಾವಳಿಯಲ್ಲಿ ಹಾಂಗ್ ಮೋ ಹಡಗು ಒಡೆದಾಗ, ಕ್ಯಾಪ್ಟನ್ ಇವಾನ್ಸ್ ತಾವೇ ಸಮುದ್ರಕ್ಕೆ ಧುಮುಕಿದರು. ಅವರ ಹಡಗು ಕಾರ್ಲೈಲ್ 200ಕ್ಕೂ ಹೆಚ್ಚು ಜೀವಗಳನ್ನು ಉಳಿಸಿತು.