ಕಾನೂನಿನಿಂದ ಅರ್ಥಶಾಸ್ತ್ರಕ್ಕೆ



ಕಾನೂನಿನ ಪದವಿಯನ್ನು ಪಡೆದ ತರುಣನೊಬ್ಬನು ವಕೀಲಿಯನ್ನು ಬಿಟ್ಟು, ಅರ್ಥಶಾಸ್ತ್ರದಲ್ಲಿ ಡಾಕ್ಟರೇಟಿಗಾಗಿ ವ್ಯಾಸಂಗ ಮಾಡುವೆನೆಂದರೆ ಮನೆಯವರು ಕಳವಳಗೊಳ್ಳುವುದು ಸಹಜ. ಇಷ್ಟು ವರ್ಷಗಳ ಓದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತೆಂದು ಅವರು ಭಾವಿಸುವರು. ಇದು ಸರಿಯೆ ಎಂಬುದನ್ನು ನಾವು ಈ ಹೊತ್ತು ವಿಚಾರಮಾಡೋಣ.

ದೇವನಹಳ್ಳಿಯ ನಿದರ್ಶನವೊಂದನ್ನು ತೆಗೆದುಕೊಳ್ಳೋಣ. 2008ರಲ್ಲಿ ಅಲ್ಲಿ ವಿಮಾನನಿಲ್ದಾಣವಾದ ಮೇಲೆ ಸುತ್ತಣ ಭೂಮಿಗೆ ಹೊಸ ಬೆಲೆ ಬಂದಿತು. ಚನ್ನರಾಯಪಟ್ಟಣ ಹೋಬಳಿಯಲ್ಲಿ ಕೈಗಾರಿಕೆಗಾಗಿ 1,777 ಎಕರೆಗಳನ್ನು ವಶಪಡಿಸಿಕೊಳ್ಳಲು ಹೊರಟ ಸರ್ಕಾರವು, ರೈತರ ದೀರ್ಘ ಹೋರಾಟದ ತರುವಾಯ, 2025ರ ಜುಲೈಯಲ್ಲಿ ಆ ಯೋಜನೆಯನ್ನು ಕೈಬಿಟ್ಟಿತು. ಇಂತಹ ಸಂದರ್ಭದಲ್ಲಿ, ಅಧಿಸೂಚನೆಯು ಕ್ರಮಬದ್ಧವೆ, ಹಕ್ಕು ಯಾರದು ಎಂದು ವಕೀಲನು ಕೇಳುವನು. ಹೊಲವು ಹೋದರೆ ಪಹಣಿಯಲ್ಲಿ ಹೆಸರಿಲ್ಲದ ಕೂಲಿಗಾರನ ಗತಿಯೇನು, ಪರಿಹಾರದ ಹಣವು ಹತ್ತು ವರ್ಷಗಳ ಮೇಲೆ ಏನಾಗಿರುವುದು ಎಂದು ಅರ್ಥಶಾಸ್ತ್ರಜ್ಞನು ಕೇಳುವನು.

ಭೂಮಿಯನ್ನು ಕೊಡಲೇಬೇಕಾದ ಕಡೆಯಲ್ಲಿ ಬೆಲೆಯನ್ನು ಕಟ್ಟುವ ಬಗೆ ಹೇಗೆ? 2013ರ ಭೂಸ್ವಾಧೀನ ಕಾಯಿದೆಯ 26ನೆಯ ಪ್ರಕರಣವನ್ನು ನೋಡಿರಿ. ಹಿಂದಿನ ಮೂರು ವರ್ಷಗಳಲ್ಲಿ ಸಮೀಪದ ಅಂತಹುದೇ ಭೂಮಿಗೆ ನೋಂದಣಿಯಾದ ಕ್ರಯಪತ್ರಗಳನ್ನು ತೆಗೆದು, ಅವುಗಳಲ್ಲಿ ಹೆಚ್ಚಿನ ಬೆಲೆಯ ಅರ್ಧ ಭಾಗದ ಸರಾಸರಿಯನ್ನು ಹಿಡಿಯುವುದು ಅಲ್ಲಿ ವಿಹಿತವಾದ ಮಾರ್ಗಗಳಲ್ಲೊಂದು. ನ್ಯಾಯಾಲಯಕ್ಕೆ ಕ್ರಯಪತ್ರವು ಸಾಕ್ಷ್ಯ. ಸಂಶೋಧಕನಾದರೋ ಶಂಕಿಸಬೇಕು: ಮುದ್ರಾಂಕ ಶುಲ್ಕವನ್ನು ಉಳಿಸಲು ಬೆಲೆಯನ್ನು ತಗ್ಗಿಸಿ ಬರೆದಿರಬಹುದಲ್ಲವೆ? ಕಷ್ಟಕ್ಕೆ ಸಿಕ್ಕಿ ಮಾರಿದವನ ಬೆಲೆಯನ್ನು ಮಾರಲೊಲ್ಲದವನ ಹೊಲಕ್ಕೂ ಕಟ್ಟುವುದು ಸರಿಯೆ? ಆ ಒಂದು ಸರಾಸರಿಯ ಮೇಲೆ ಒಂದು ಕುಟುಂಬದ ಮುಂದಿನ ಬಾಳು ನಿಂತಿದೆ. ಕಾಯಿದೆಯನ್ನು ಬಲ್ಲವನು ಇಂತಹ ಪ್ರಶ್ನೆ ಎಲ್ಲಿ ಅಡಗಿದೆಯೆಂಬುದನ್ನು ಬೇಗನೆ ಕಾಣುವನು. ಆದುದರಿಂದ ಹಿಂದಿನ ಓದು ವ್ಯರ್ಥವಲ್ಲ.

ಆದರೆ ಪ್ರಶ್ನೆಯನ್ನು ಕಂಡವನೆಲ್ಲ ಉತ್ತರವನ್ನು ಕೊಡಬಲ್ಲವನಲ್ಲ. ನಮ್ಮ ಬಳಿಗೆ ಸಲಹೆ ಕೇಳಿ ಬರುವವರಿಗೆ ನಾವು ಹೇಳುವುದಿಷ್ಟು. ಗಣಿತವನ್ನೂ ಸಂಖ್ಯಾಶಾಸ್ತ್ರವನ್ನೂ ಬುಡದಿಂದ ಕಲಿಯಬೇಕು. ಅನೇಕ ವಿಶ್ವವಿದ್ಯಾನಿಲಯಗಳು ಅರ್ಥಶಾಸ್ತ್ರದಲ್ಲಿಯೋ ಅದಕ್ಕೆ ಸಮೀಪವಾದ ವಿಷಯದಲ್ಲಿಯೋ ಸ್ನಾತಕೋತ್ತರ ಪದವಿಯನ್ನು ಅಪೇಕ್ಷಿಸುವುದರಿಂದ ಎರಡು ವರ್ಷ ಹೆಚ್ಚಾಗಿ ಹಿಡಿದೀತು. ಇದಕ್ಕಿಂತಲೂ ಕಠಿನವಾದುದು ಮನಸ್ಸಿನ ಅಭ್ಯಾಸವನ್ನು ತಿದ್ದಿಕೊಳ್ಳುವುದು. ವಕೀಲನು ತನ್ನ ಕಕ್ಷಿಯ ಪರವಾಗಿ ವಾದಿಸುವನು. ಸಂಶೋಧಕನು ತನ್ನ ಅಭಿಪ್ರಾಯಕ್ಕೆ ವಿರೋಧವಾದ ಅಂಕಿಗಳನ್ನೇ ಮೊದಲು ಅರಸಬೇಕು.

ಬೆಂಗಳೂರಿನ ನಾಗರಭಾವಿಯಲ್ಲಿ, ಡಾ. ವಿ. ಕೆ. ಆರ್. ವಿ. ರಾಯರು 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆಯೂ ರಾಷ್ಟ್ರೀಯ ಕಾನೂನು ಶಾಲೆಯೂ ನೆರೆಹೊರೆಯಾಗಿವೆ. ಎರಡು ವಿದ್ಯೆಗಳೂ ಒಬ್ಬರಲ್ಲಿಯೇ ನೆಲಸಬಲ್ಲವು ಎಂಬುದಕ್ಕೆ ಡಾ. ಅಂಬೇಡ್ಕರರೇ ಸಾಕ್ಷಿ, 1923ರಲ್ಲಿ ಲಂಡನ್ನಿನಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟನ್ನು ಪಡೆದ ಅವರು ಬ್ಯಾರಿಸ್ಟರೂ ಆಗಿದ್ದರು. ತರುಣನಾಗಲಿ ತರುಣಿಯಾಗಲಿ, ಲೆಕ್ಕಕ್ಕೆ ಅಂಜದೆ, ಹೊಲದ ಬದುವಿನ ಮೇಲೆ ನಿಂತು ವಿಚಾರಿಸುವ ತಾಳ್ಮೆಯುಳ್ಳವರಾದರೆ, ಹಿರಿಯರು ಅವರನ್ನು ಹರಸಿ ಕಳುಹಿಸಲಿ.