ಉದ್ಯಾನವನ ಯಾರದು?



ಪಾರ್ಕ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಬ್ಬಿಣದ ಗೇಟು, ಕಲ್ಲು ಬೆಂಚು ಮತ್ತು 'ಹುಲ್ಲಿನ ಮೇಲೆ ನಡೆಯಬಾರದು' ಎಂಬ ಫಲಕ. ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ, ಕಡಲೆಕಾಯಿ ತಿನ್ನುತ್ತೇವೆ, ಸಿಪ್ಪೆಯನ್ನು ಅಲ್ಲೇ ಉದುರಿಸಿ ಬರುತ್ತೇವೆ. ಸಿಪ್ಪೆಯ ವಿಚಾರಕ್ಕೆ ಆಮೇಲೆ ಬರೋಣ. ಅಂತಹ ಜಾಗದಲ್ಲಿ ನಗರದ ಸಾಮಾನ್ಯ ಜನರು ತರಕಾರಿ ಬೆಳೆಯಬಹುದೆಂದರೆ ನಮಗೆ ನಗು ಬಂದೀತು. ಆದರೆ ಜರ್ಮನಿಯ ಬರ್ಲಿನ್ ನಗರದಲ್ಲಿ ಇದು ಎರಡು ಬಾರಿ ನಡೆದಿದೆ. ಮೊದಲನೆಯದಕ್ಕೆ ಹಸಿವು ಕಾರಣ, ಎರಡನೆಯದಕ್ಕೆ ಹಠ.

1945ರಲ್ಲಿ ಯುದ್ಧ ಮುಗಿದಾಗ ಬರ್ಲಿನ್ ಇಟ್ಟಿಗೆಯ ರಾಶಿಯಾಗಿತ್ತು. ನಗರದ ನಡುವೆ ಟಿಯರ್‌ಗಾರ್ಟನ್ ಎಂಬ ವಿಶಾಲ ಉದ್ಯಾನವನವಿದೆ. ಒಂದು ಕಾಲದಲ್ಲಿ ಅದು ಅರಸರ ಬೇಟೆಯ ಕಾಡು. ಅಲ್ಲಿದ್ದ ಸುಮಾರು ಎರಡು ಲಕ್ಷ ಮರಗಳಲ್ಲಿ ಉಳಿದದ್ದು 700ರಷ್ಟು ಮಾತ್ರ. ಬಾಂಬಿಗೆ ಬಿದ್ದುವು ಕೆಲವು. ಕಲ್ಲಿದ್ದಲಿಲ್ಲದ ಆ ಚಳಿಗಾಲಗಳಲ್ಲಿ ಉಳಿದವನ್ನು ಜನರೇ ಕಡಿದು ಒಲೆಗೆ ಹಾಕಿದರು. ಆ ಭಾಗವು ಬ್ರಿಟಿಷ್ ಸೇನಾಡಳಿತದ ವಶದಲ್ಲಿತ್ತು. ಬೋಳಾದ ಆ ನೆಲವನ್ನು ಸುಮಾರು ಎರಡೂವರೆ ಸಾವಿರ ತುಂಡುಗಳಾಗಿ ವಿಂಗಡಿಸಿ ಜನರಿಗೆ ಕೊಡಲಾಯಿತು. ಅರಸರು ಬೇಟೆಯಾಡಿದ ನೆಲದಲ್ಲಿ ಗೃಹಿಣಿಯರು ಆಲೂಗಡ್ಡೆ ಬೆಳೆದರು. 1949ರ ಮಾರ್ಚ್‌ನಲ್ಲಿ ಮೇಯರ್ ಅರ್ನ್‌ಸ್ಟ್ ರಾಯ್ಟರ್ ಅಲ್ಲಿ ಮತ್ತೆ ಮೊದಲ ಸಸಿ ನೆಟ್ಟರು. ಹಸಿವಿನ ತೋಟ ಹೋಗಿ ಉದ್ಯಾನವನ ಮರಳಿತು. ಅದು ಸರಿಯೇ ಆಗಿತ್ತು.

ಸಸಿ ನೆಟ್ಟ ಆ ದಿನಗಳಲ್ಲಿ ಪಶ್ಚಿಮ ಬರ್ಲಿನ್ ಸೋವಿಯತ್ ದಿಗ್ಬಂಧನದಲ್ಲಿತ್ತು. ಹಿಟ್ಟು, ಕಲ್ಲಿದ್ದಲು ಎಲ್ಲವೂ ವಿಮಾನದಲ್ಲಿ ಬರಬೇಕಾಗಿತ್ತು. ಅವು ಬಂದಿಳಿಯುತ್ತಿದ್ದ ಮುಖ್ಯ ನಿಲ್ದಾಣ ಟೆಂಪಲ್‌ಹೋಫ್. ನಮ್ಮ ಎರಡನೆಯ ಕಥೆ ನಡೆದದ್ದು ಅಲ್ಲಿಯೇ.

2008ರ ಅಕ್ಟೋಬರ್‌ನಲ್ಲಿ ಆ ನಿಲ್ದಾಣ ಮುಚ್ಚಿತು. 2010ರ ಮೇಯಲ್ಲಿ ಮುನ್ನೂರು ಹೆಕ್ಟೇರಿಗೂ ಮಿಕ್ಕಿದ ಆ ಬಯಲನ್ನು ಸಾರ್ವಜನಿಕ ಉದ್ಯಾನವನವಾಗಿ ತೆರೆಯಲಾಯಿತು. ಅದರ ಒಂದು ಪಕ್ಕದಲ್ಲಿ ನಾಯ್‌ಕೋಲ್ನ್ ಎಂಬ ಬಡಾವಣೆ. ತುರ್ಕಿ ಮತ್ತು ಅರಬ್ ಮೂಲದ ಅನೇಕ ಕುಟುಂಬಗಳು ಅಲ್ಲಿನ ಬಾಡಿಗೆ ಮನೆಗಳಲ್ಲಿ ವಾಸಿಸುತ್ತವೆ. ಉತ್ತರದ ಅಂಚಿನಲ್ಲಿ 1866ರಲ್ಲಿ ಆರಂಭವಾದ ತುರ್ಕಿ ಖಬರಸ್ತಾನವಿದೆ, ಅದರೊಳಗೆ ಶೆಹಿತ್ಲಿಕ್ ಮಸೀದಿ ಇದೆ. 2011ರಲ್ಲಿ ನಾಯ್‌ಕೋಲ್ನ್ ಕಡೆಯ ಅಂಚಿನಲ್ಲಿ ಕೆಲವರು ಸೇರಿ 'ಆಲ್ಮೆಂಡೆ ಕೊಂಟೋರ್' ಎಂಬ ತೋಟವನ್ನು ಆರಂಭಿಸಿದರು. ಆಲ್ಮೆಂಡೆ ಎಂದರೆ ಹಳ್ಳಿಯ ಎಲ್ಲರಿಗೂ ಸೇರಿದ ನೆಲ. ನಮ್ಮ ಗೋಮಾಳವನ್ನು ನೆನೆದುಕೊಂಡರೆ ಸಾಕು.

ಅಲ್ಲಿ ನೆಲವನ್ನು ಅಗೆಯುವಂತಿಲ್ಲ. ಅನುಮತಿಯೂ ತಾತ್ಕಾಲಿಕ. ಆದ್ದರಿಂದ ಹಳೆಯ ಹಲಗೆಗಳನ್ನು ಹೊಡೆದು ಪೆಟ್ಟಿಗೆ ಮಾಡಿ, ಅದರಲ್ಲಿ ಮಣ್ಣು ಗೊಬ್ಬರ ತುಂಬಿ ಬೆಳೆಯುತ್ತಾರೆ. ಸುಮಾರು 5,000 ಚದರ ಮೀಟರ್ ಜಾಗದಲ್ಲಿ 250ರಷ್ಟು ಇಂತಹ ಮಡಿಗಳು. ಮರದ ನೆರಳಿಲ್ಲದ ಬಯಲಾದ್ದರಿಂದ ಗಾಳಿಗೆ ಪೆಟ್ಟಿಗೆಯ ಮಣ್ಣು ಬೇಗ ಒಣಗುತ್ತದೆ. ಗೊಬ್ಬರ ಕರಗಿದಂತೆ ಮಣ್ಣು ಕುಸಿಯುತ್ತದೆ, ಪ್ರತಿ ವರ್ಷ ಮತ್ತೆ ತುಂಬಬೇಕು. ಮಾರುಕಟ್ಟೆಯ ಲೆಕ್ಕ ಹಾಕಿದರೆ ಈ ಟೊಮೇಟೊ ಬಹಳ ದುಬಾರಿ!

ಇಲ್ಲಿ ಒಂದು ಆಕ್ಷೇಪವಿದೆ, ಅದು ನ್ಯಾಯವಾದದ್ದು. ಎಲ್ಲರ ಉದ್ಯಾನವನದಲ್ಲಿ ಕೆಲವರಿಗೆ ಮಡಿ ಕೊಡುವುದೆಂದರೆ ಒತ್ತುವರಿಗೆ ಮರ್ಯಾದೆಯ ಹೆಸರು ಕೊಟ್ಟಂತಲ್ಲವೇ? ಆ ತೋಟದವರು ಇದಕ್ಕೆ ಕೊಟ್ಟ ಉತ್ತರ ಸರಳ. ಅವರು ಬೇಲಿ ಹಾಕಲಿಲ್ಲ. ದಾರಿಹೋಕನು ಮಡಿಗಳ ನಡುವೆ ನಡೆಯಬಹುದು, ತೋಟದವರು ಕೈಯಾರೆ ಮಾಡಿದ ಬೆಂಚಿನ ಮೇಲೆ ಕುಳಿತುಕೊಳ್ಳಬಹುದು. ಬೆಳೆಯುವ ಹಕ್ಕು ಕೆಲವರದಾದರೂ ನೆಲ ಎಲ್ಲರದಾಗಿಯೇ ಉಳಿಯಿತು. ಬೇಲಿ ಬಿದ್ದ ದಿನ ಅದು ಇನ್ನೊಂದು ಖಾಸಗಿ ಹಿತ್ತಲಾಗುತ್ತಿತ್ತು, ಮುಂದೆ ಅದನ್ನು ಉಳಿಸಲು ಯಾರೂ ಬರುತ್ತಿರಲಿಲ್ಲ.

ಉಳಿಸುವ ಪ್ರಸಂಗ ಬಂದದ್ದು 2014ರಲ್ಲಿ. ಬಯಲಿನ ಅಂಚುಗಳಲ್ಲಿ ಸುಮಾರು 4,700 ಮನೆಗಳನ್ನೂ ಒಂದು ದೊಡ್ಡ ಗ್ರಂಥಾಲಯವನ್ನೂ ಕಟ್ಟಲು ನಗರ ಸರಕಾರ ಯೋಜಿಸಿತು. ನಾಗರಿಕರು ಸಹಿ ಸಂಗ್ರಹಿಸಿ ಜನಮತಗಣನೆಗೆ ಒತ್ತಾಯಿಸಿದರು. ಮೇ 25ರಂದು ಮತದಾನ ನಡೆದಾಗ ಶೇ. 64.3 ಮಂದಿ ಕಟ್ಟಡ ಬೇಡವೆಂದರು. ಬಯಲನ್ನು ಮಾರುವಂತಿಲ್ಲ, ಅಲ್ಲಿ ಮನೆ ಕಟ್ಟುವಂತಿಲ್ಲ ಎಂಬುದು ಕಾನೂನಾಯಿತು. 2016ರಲ್ಲಿ ಅದಕ್ಕೆ ತಿದ್ದುಪಡಿ ತಂದು ನಿರಾಶ್ರಿತರ ತಾತ್ಕಾಲಿಕ ವಸತಿಗೆ ಅಂಚಿನಲ್ಲಿ ಅವಕಾಶ ಕೊಡಲಾಯಿತು. ಬಾಡಿಗೆ ಏರಿದಂತೆಲ್ಲ ಮನೆ ಕಟ್ಟುವ ವಾದ ಮತ್ತೆ ಎದ್ದು ಬರುತ್ತಿದೆ. ಈ ವಾದವನ್ನು ಬಿಲ್ಡರುಗಳ ಕುತಂತ್ರವೆಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ. ಸೂರಿಲ್ಲದವನ ಹಕ್ಕು ಬದನೆಕಾಯಿಯ ಹಕ್ಕಿಗಿಂತ ದೊಡ್ಡದು. ಆದರೆ ಹೀಗೆ ಕಟ್ಟಿದ ಮನೆಗಳಲ್ಲಿ ಎಷ್ಟು ಸೂರಿಲ್ಲದವನ ಪಾಲಿಗೆ ಬಂದಾವು ಎಂದು ಆ ಜನರು ಕೇಳಿದರು. ನಂಬುವಂತಹ ಉತ್ತರ ಅವರಿಗೆ ಸಿಗಲಿಲ್ಲ.

ಇನ್ನು ನಮ್ಮ ವಿಚಾರ. ಪಟ್ಟಣದ ಓಣಿಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿದ್ದೇವೆ. ಹಳ್ಳಿಯ ಹಿತ್ತಲಲ್ಲಿ ಬಸಳೆ, ತೊಂಡೆ ಬೆಳೆದ ನಮ್ಮ ತಾಯಂದಿರಿಗೆ ಇಲ್ಲಿ ಒಂದು ಮೊಳ ಮಣ್ಣಿಲ್ಲ. ಪಕ್ಕದ ಪಾರ್ಕಿನ ಒಂದು ಮೂಲೆ ಕಳೆ ಬೆಳೆದು ಬಿದ್ದಿದ್ದರೆ ಅದನ್ನು ಕೇಳುವುದು ತಪ್ಪಲ್ಲ. ಆದರೆ ಗುದ್ದಲಿ ಹಿಡಿದು ಹೋಗುವುದು ತಪ್ಪು. ಕರ್ನಾಟಕದಲ್ಲಿ ಉದ್ಯಾನವನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣೆಗೆಂದೇ 1985ರ ಕಾಯಿದೆ ಇದೆ. ಅದು ಇರುವುದರಿಂದಲೇ ಅನೇಕ ಪಾರ್ಕುಗಳು ಉಳಿದಿವೆ. ಆದ್ದರಿಂದ ಮೊದಲು ನಗರಸಭೆಗೆ ಅರ್ಜಿ. ಆ ಅರ್ಜಿಯಲ್ಲಿ ಓಣಿಯ ಎಲ್ಲ ಮನೆಗಳ ಸಹಿ ಇರಲಿ, ನಮ್ಮ ಸಮುದಾಯದ ಮನೆಗಳದು ಮಾತ್ರವಲ್ಲ. ಒಂದೇ ಸಮುದಾಯದ ಸಹಿಗಳಿದ್ದರೆ ಅದನ್ನು ಹೇಗೆ ಓದಲಾಗುತ್ತದೆಂದು ನಿಮಗೆ ಗೊತ್ತು. ನಿಜ ಹೇಳಬೇಕೆಂದರೆ, ಹಾಗೆ ಓದುವವರಿಲ್ಲದಿದ್ದರೂ ಅದು ಅರ್ಧ ಅರ್ಜಿಯೇ.

ಸಿಪ್ಪೆಯ ವಿಚಾರಕ್ಕೆ ಬರುತ್ತೇವೆಂದಿದ್ದೆವು. ಕಡಲೆಕಾಯಿ ಸಿಪ್ಪೆ ಒಳ್ಳೆಯ ಗೊಬ್ಬರವಾಗುತ್ತದೆ. ಅರ್ಜಿಗೆ ಉತ್ತರ ಬರಲು ತಿಂಗಳುಗಳೇ ಬೇಕಾದೀತು. ಅಷ್ಟರವರೆಗೆ ಅದನ್ನು ಒಂದು ಚೀಲದಲ್ಲಿ ಮನೆಗೆ ತಂದು ಕೂಡಿಡಬಹುದು.